ಬೋನ್ಸಾಯ್ ಕುಂಡದ ಮಣ್ಣಿನ ಮೇಲೆ ಹಾವಸೆ ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ನಾಲ್ಕು ಒಳ್ಳೆ ಮಳೆ ಬಿದ್ದರೆ ಸಾಕು, ಬೆಂಗಳೂರಿನ ಕಾಂಪೌಂಡ್ ಗೋಡೆಗಳೆಲ್ಲ ಹಸಿರಾಗುತ್ತವೆ. ನಾವು ಆಸೆಪಟ್ಟು ಕಾಯುವ ಬೋನ್ಸಾಯ್ ಕುಂಡ ಮಾತ್ರ ಬೋಳಾಗಿಯೇ ಉಳಿಯುತ್ತದೆ. ಹೊಸದಾಗಿ ಬೋನ್ಸಾಯ್ ಹಿಡಿದವರು ಜಾಸ್ತಿ ಕೇಳುವುದು ಈ ಹಸಿರು ಹಾಸಿನ, ಅಂದರೆ ಹಾವಸೆಯ (ಇಂಗ್ಲಿಷಿನ ಮಾಸ್) ಬಗ್ಗೆಯೇ. ಇಲ್ಲಿನ ಉತ್ತರಗಳೆಲ್ಲ ಬೆಂಗಳೂರು, ಮೈಸೂರಿನಂಥ ಊರುಗಳ ಟೆರೇಸು, ಬಾಲ್ಕನಿಗಳಿಗೆ ಹೊಂದುವಂಥವು. ಕರಾವಳಿ, ಮಲೆನಾಡಿನವರ ಕಷ್ಟವೇ ಬೇರೆ. ಅಲ್ಲಿ ಹಾವಸೆ ಬರಿಸುವುದಲ್ಲ, ಬಂದದ್ದನ್ನು ಹದ್ದುಬಸ್ತಿನಲ್ಲಿ ಇಡುವುದು ಕೆಲಸ.

ಹಾವಸೆ ಯಾಕೆ ಬೇಕು? ಬರೀ ಚೆಂದಕ್ಕಾ?

ಚೆಂದವೂ ಒಂದು ಕಾರಣವೇ, ಅದನ್ನು ಕಡೆಗಣಿಸಬೇಡಿ. ಒಂದಡಿ ಎತ್ತರದ ಆಲ ನೂರು ವರ್ಷದ ಮರ ಅನ್ನಿಸಬೇಕಾದರೆ, ಅದರ ಬುಡದಲ್ಲಿ ಇರುವುದೂ ಅದೇ ಅಳತೆಗೆ ಹೊಂದಬೇಕು. ಮಣ್ಣಿನ ಮಿಶ್ರಣದ ಇಟ್ಟಿಗೆ ಚೂರು ಕಣ್ಣಿಗೆ ಬಿದ್ದ ಕೂಡಲೇ ಮರ ಪುಟ್ಟದಾಗಿ ಬಿಡುತ್ತದೆ. ಎರಡು ಮೂರು ಮಿಲಿಮೀಟರ್ ಎತ್ತರದ ಹಾವಸೆ ಇದ್ದರೆ ಅದೇ ನೆಲ ಬಯಲಾಗಿ ಕಾಣುತ್ತದೆ.

ಆದರೆ ಕೆಲಸದ ಲಾಭವೂ ಇದೆ. ಬೋನ್ಸಾಯ್ ಕುಂಡ ಆಳ ಕಡಿಮೆ, ಮಣ್ಣನ್ನು ಬುಡದ ಸುತ್ತ ದಿಬ್ಬ ಮಾಡಿರುತ್ತೇವೆ. ನೀರು ಹಾಕಿದಾಗಲೆಲ್ಲ ಮೇಲಿನ ಮಣ್ಣು ಜಾರಿ ಅಂಚಿನಿಂದ ಹೊರಗೆ ಹೋಗುತ್ತದೆ. ಹಾವಸೆ ಅದನ್ನು ಹಿಡಿದಿಡುತ್ತದೆ. ಇನ್ನೊಂದು, ನನ್ನ ಪ್ರಕಾರ ಇದೇ ದೊಡ್ಡದು: ದಪ್ಪ ಕಾಳಿನ ಮಿಶ್ರಣದಲ್ಲಿ ಮೇಲಿನ ಒಂದು ಇಂಚು ಬೇಗ ಒಣಗುತ್ತದೆ, ಹಾಗಾಗಿ ಅಲ್ಲಿ ಬೇರು ನಿಲ್ಲುವುದಿಲ್ಲ. ಮೇಲೆ ಹಾವಸೆಯ ಹೊದಿಕೆ ಬಂದರೆ ಆ ಪದರವೂ ತೇವವಾಗಿರುತ್ತದೆ, ಸಣ್ಣ ಬೇರುಗಳು ಮೇಲಿನ ತನಕ ಬರುತ್ತವೆ. ಅಷ್ಟು ಚಿಕ್ಕ ಕುಂಡದಲ್ಲಿ ಒಂದು ಇಂಚು ಮಣ್ಣು ಉಪಯೋಗಕ್ಕೆ ಬರುವುದು ಸಣ್ಣ ಮಾತಲ್ಲ.

ಅದು ಗಿಡದ ಗೊಬ್ಬರ, ನೀರು ಕದಿಯಲ್ವಾ?

ಇಲ್ಲ. ಹಾವಸೆಗೆ ನಿಜವಾದ ಬೇರೇ ಇಲ್ಲ. ಕೆಳಗಿರುವ ಕೂದಲಿನಂಥ ಎಳೆಗಳು ಮುಖ್ಯವಾಗಿ ಮಣ್ಣನ್ನು ಹಿಡಿದುಕೊಳ್ಳಲು. ನೀರು, ಲವಣ ಎಲ್ಲವನ್ನೂ ಅದು ಹೆಚ್ಚಾಗಿ ಎಲೆಯ ಮೈಯಿಂದಲೇ ಹೀರುತ್ತದೆ. ಮಳೆಯಲ್ಲಿ, ಧೂಳಿನಲ್ಲಿ ಬರುವಷ್ಟೇ ಅದಕ್ಕೆ ಸಾಕು.

ಮಣ್ಣಿನ ಮೇಲೆ ಹಸಿರು ಲೋಳೆ ಕಟ್ಟಿದೆ. ಅದೇ ಹಾವಸೆನಾ?

ಅಲ್ಲ, ಅದು ಪಾಚಿ. ಬೆರಳಿಗೆ ಜಾರುತ್ತದೆ, ಒಣಗಿದರೆ ಕಪ್ಪು ಹೊಪ್ಪಳೆಯಾಗುತ್ತದೆ. ಹಾವಸೆಯನ್ನು ಹತ್ತಿರದಿಂದ ನೋಡಿದರೆ ಒಂದೊಂದಕ್ಕೂ ಪುಟ್ಟ ಕಾಂಡ, ಅದರ ಸುತ್ತ ಪುಟ್ಟ ಎಲೆ ಕಾಣುತ್ತವೆ. ಲೋಳೆ ಕಟ್ಟಿದೆ ಅಂದರೆ ನೀರು ಕೆಳಗೆ ಇಳಿಯುತ್ತಿಲ್ಲ ಅಂತ ಅರ್ಥ. ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಆ ಪದರ ಕೆರೆದು ತೆಗೆಯಿರಿ, ಕುಂಡದ ತೂತು ಕಟ್ಟಿದೆಯಾ ನೋಡಿ. ನಾಲಿಗೆಯಂತೆ ಚಪ್ಪಟೆಯಾಗಿ, ಕವಲೊಡೆದು ಹರಡುವ ಲಿವರ್‌ವರ್ಟ್ ಬಂದರೂ ಕಾರಣ ಇದೇ. ಅದನ್ನು ಮೊದಲ ದಿನವೇ ಕಿತ್ತು ಹಾಕಿ. ಬಿಟ್ಟರೆ ಇಡೀ ಕುಂಡ ಮುಚ್ಚಿಬಿಡುತ್ತದೆ.

ತಾನಾಗಿಯೇ ಬರುವುದಿಲ್ವಾ? ನಾವು ಯಾಕೆ ತಂದು ಹಾಕಬೇಕು?

ಬರುತ್ತದೆ, ಕಾಯುವ ತಾಳ್ಮೆ ಇದ್ದರೆ. ಹಾವಸೆಯ ಬೀಜಕಣ ಗಾಳಿಯಲ್ಲಿ ಎಲ್ಲ ಕಡೆ ಇದೆ. ತೇವ, ಬೆಳಕು ಮತ್ತು ಯಾರೂ ಕೆದಕದ ನೆಲ ಇಷ್ಟು ಸಿಕ್ಕಿದರೆ ಅದು ಬಂದೇ ಬರುತ್ತದೆ. ಜಪಾನಿನ ಕ್ಯೋಟೋದಲ್ಲಿ ಸೈಹೋಜಿ ಅಂತ ಒಂದು ದೇವಸ್ಥಾನ ಇದೆ, ಸುಮಾರು 120 ಬಗೆಯ ಹಾವಸೆಗೆ ಹೆಸರಾದದ್ದು. 1339ರಲ್ಲಿ ಮುಸೊ ಸೊಸೆಕಿ ಎಂಬ ಜೆನ್ ಗುರು ಆ ತೋಟವನ್ನು ರೂಪಿಸಿದಾಗ ಹಾವಸೆ ಅವರ ಯೋಜನೆಯಲ್ಲೇ ಇರಲಿಲ್ಲ. ಶತಮಾನಗಳ ನಂತರ, ತೋಟ ನೋಡಿಕೊಳ್ಳುವವರು ಕಡಿಮೆಯಾದ ಕಾಲದಲ್ಲಿ ಅದು ತಾನಾಗಿ ಹರಡಿತು. ಈಗ ಜನ ನೋಡಲು ಬರುವುದೇ ಅದನ್ನು.

ನಮ್ಮ ಟೆರೇಸಿನಲ್ಲಿ ಎರಡು ಮಳೆಗಾಲ ಸುಮ್ನೆ ಬಿಟ್ಟರೂ ಒಂದಿಷ್ಟು ಬರುತ್ತದೆ. ಆದರೆ ಬೇಸಿಗೆಯ ಬಿಸಿಲು ನಡುವೆ ಬಂದು ಅರ್ಧ ಅಳಿಸಿಹಾಕುತ್ತದೆ. ಅದಕ್ಕೇ ನಾವು ಸ್ವಲ್ಪ ಕೈಜೋಡಿಸುವುದು.

ಯಾವ ಹಾವಸೆ ಒಳ್ಳೆಯದು?

ನನ್ನ ಆಯ್ಕೆ ಒಂದೇ: ಬೆಳ್ಳಿ ಹಾವಸೆ. ವಿಜ್ಞಾನದ ಹೆಸರು ಬ್ರಯಮ್ ಅರ್ಜೆಂಟಿಯಮ್. ಜಗತ್ತಿನ ಎಲ್ಲ ಖಂಡಗಳಲ್ಲೂ ಸಿಗುತ್ತದೆ, ಅಂಟಾರ್ಕ್ಟಿಕಾದಲ್ಲೂ ಇದೆ. ನಮ್ಮ ಊರಿನ ಫುಟ್‌ಪಾತ್ ಕಲ್ಲುಗಳ ಸಂದಿಯಲ್ಲಿ, ಟೆರೇಸಿನ ಪ್ಯಾರಪೆಟ್ ಬುಡದಲ್ಲಿ, ಜನ ದಿನಾ ತುಳಿಯುವ ಜಾಗದಲ್ಲೇ ಬೆಳೆದಿರುತ್ತದೆ. ಒಂದು ಭೂತಗನ್ನಡಿ ಹಿಡಿದು ನೋಡಿ. ಪ್ರತಿ ಕಾಂಡವೂ ಎಲೆಗಳನ್ನು ಬಿಗಿಯಾಗಿ ಸುತ್ತಿಕೊಂಡ ಒಂದು ಸಣ್ಣ ಕುಚ್ಚು. ಎಲೆಯ ಬುಡ ಹಸಿರು, ತುದಿ ಬಿಳಿ. ಆ ತುದಿಯಲ್ಲಿ ಹಸಿರು ಬಣ್ಣವೇ ಇಲ್ಲ, ಅದಕ್ಕೇ ಒಣಗಿದಾಗ ಇಡೀ ಹಾಸು ಬೆಳ್ಳಿಯಂತೆ ಹೊಳೆಯುತ್ತದೆ. ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ. ಗಿಡ್ಡ, ಬಿಸಿಲು ತಡೆಯುತ್ತದೆ, ಹೊಗೆ ಧೂಳು ತಡೆಯುತ್ತದೆ, ಒಣಗಿದರೂ ಎದ್ದು ಬರುತ್ತದೆ. ಟೆರೇಸಿನ ಬೋನ್ಸಾಯ್‌ಗೆ ಇದಕ್ಕಿಂತ ಇನ್ನೇನು ಬೇಕು?

ಗೋಡೆಯ ಮೇಲೆ ಮಳೆಗಾಲದಲ್ಲಿ ಬರುವ, ಒಣಗಿದಾಗ ಎಲೆ ಒಳಕ್ಕೆ ಸುರುಳಿಯಾಗುವ ಕಡು ಹಸಿರು ಜಾತಿಗಳೂ ಪರವಾಗಿಲ್ಲ, ಅರೆ ನೆರಳಿನ ಬಾಲ್ಕನಿಗೆ. ಸುಟ್ಟ ಜಾಗ, ಬೂದಿ ಬಿದ್ದ ಜಾಗದಲ್ಲಿ ಬರುವ ಫ್ಯುನೇರಿಯಾ ಬೇಗ ಬೆಳೆಯುತ್ತದೆ, ಆದರೆ ಉದ್ದುದ್ದ ಕಡ್ಡಿಗಳನ್ನು ಎತ್ತಿ ನಿಲ್ಲುತ್ತದೆ. ಪುಟ್ಟ ಮರದ ಕೆಳಗೆ ಆ ಎತ್ತರ ಹೊಂದುವುದಿಲ್ಲ.

ಎಲ್ಲಿಂದ ತರಲಿ?

ನಿಮ್ಮ ಕುಂಡ ಇರುವ ಜಾಗದಿಂದ ಆದಷ್ಟು ಹತ್ತಿರದಿಂದ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕುಂಡಕ್ಕೆ ಬೀಳುವಷ್ಟೇ ಬಿಸಿಲು ಬೀಳುವ ಜಾಗದಲ್ಲಿ ಈಗಾಗಲೇ ಬದುಕಿರುವ ಹಾವಸೆ ನಿಮ್ಮ ಕುಂಡದಲ್ಲೂ ಬದುಕುತ್ತದೆ. ಪೂರ್ವದ ಬಿಸಿಲಿನ ಕುಂಡಕ್ಕೆ ಪೂರ್ವದ ಗೋಡೆಯದು, ನೆರಳಿನ ಬಾಲ್ಕನಿಗೆ ಮೋರಿ ಬದಿಯದು. ಮನೆಯ ಹಳೇ ಮಣ್ಣಿನ ಕುಂಡಗಳ ಹೊರಮೈ, ಮನೆ ಕಟ್ಟಿ ಮಿಕ್ಕ ಇಟ್ಟಿಗೆ ರಾಶಿ, ನೀರಿನ ಟ್ಯಾಂಕ್ ಸೋರುವ ಜಾಗ, ಇವೆಲ್ಲ ಒಳ್ಳೆ ಗಣಿಗಳು. ಗೋಡೆಗೆ ಪುಟ್ಟಿ ಹಚ್ಚುವ ತೆಳು ಪಟ್ಟಿಯಿಂದ ಅಡಿಯಿಂದ ಜಾರಿಸಿ ಎತ್ತಿ. ಪಕ್ಕದ ಮನೆಯ ಗೋಡೆ ಆದರೆ ಒಂದು ಮಾತು ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಪ್ಲಾಸ್ಟಿಕ್ ಕವರಿನಲ್ಲಿ ಬಿಸಿಲಿಗೆ ಇಡಬೇಡಿ, ಒಳಗೇ ಬೆಂದುಹೋಗುತ್ತದೆ. ಹಳೇ ನ್ಯೂಸ್‌ಪೇಪರ್ ಸಾಕು.

ಸಕಲೇಶಪುರ, ಆಗುಂಬೆ ಕಡೆ ಹೋದಾಗ ಎಷ್ಟು ಚೆಂದದ ಹಾವಸೆ ಇರುತ್ತೆ! ಅದನ್ನು ತರಬಹುದಾ?

ದಯವಿಟ್ಟು ಬೇಡ. ಒಂದು, ಅದು ಇಲ್ಲಿ ಬದುಕುವುದಿಲ್ಲ. ಆಗುಂಬೆಯ ಮಳೆಗೂ ಬೆಂಗಳೂರಿನ ಮಳೆಗೂ ಏಳು ಪಟ್ಟಿಗಿಂತ ಜಾಸ್ತಿ ಅಂತರ. ಮರದ ತೊಗಟೆಯ ಮೇಲೆ, ಮಂಜಿನಲ್ಲಿ ಬೆಳೆದ ಆ ಮೆತ್ತನೆಯ ಹಾವಸೆ ನಮ್ಮ ಟೆರೇಸಿನಲ್ಲಿ ತಿಂಗಳೊಳಗೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಎರಡು, ಅದು ಅಲ್ಲಿ ಮಾಡುವ ಕೆಲಸ ದೊಡ್ಡದು. ಮಳೆ ನೀರನ್ನು ಹಿಡಿದು ನಿಧಾನಕ್ಕೆ ಬಿಡುವುದು, ಆರ್ಕಿಡ್‌ಗಳಿಗೆ, ಜರೀಗಿಡಗಳಿಗೆ, ಸಾವಿರ ಸಣ್ಣ ಜೀವಿಗಳಿಗೆ ಜಾಗ ಕೊಡುವುದು. ಒಂದು ಕೊಂಬೆ ಬೋಳು ಮಾಡಿದರೆ ಮತ್ತೆ ಹಾಗೆ ಬೆಳೆಯಲು ವರ್ಷಗಳು ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಏನನ್ನೂ ಕಿತ್ತು ತರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಅಲ್ಲಿ ನೋಡಿ, ಮುಟ್ಟಿ, ಫೋಟೋ ತೆಗೆದುಕೊಂಡು ಬನ್ನಿ.

ಹಾಳೆಯಾಗಿ ಹಾಸುವುದು ಒಳ್ಳೆಯದಾ, ಪುಡಿ ಮಾಡಿ ಉದುರಿಸುವುದಾ?

ಹಾಳೆಯಾಗಿ ಹಾಸಿದರೆ ಅವತ್ತೇ ಚೆಂದ ಕಾಣುತ್ತದೆ. ಪುಡಿ ಉದುರಿಸಿದರೆ ಎರಡು ಮೂರು ತಿಂಗಳು ಕಾಯಬೇಕು, ಆದರೆ ಅದು ನಿಲ್ಲುತ್ತದೆ. ನಾನು ಹೇಳುವುದು ಪುಡಿಯ ದಾರಿಯನ್ನೇ. ಹಾಳೆಯಾಗಿ ತಂದದ್ದು ಹುಟ್ಟಿದ ಜಾಗಕ್ಕೆ ಹೊಂದಿಕೊಂಡಿರುತ್ತದೆ, ಹೊಸ ಮಣ್ಣಿಗೆ ಅಂಟುವ ಮೊದಲೇ ಅಂಚು ಮೇಲೆದ್ದು ಒಣಗುತ್ತದೆ. ಪುಡಿಯಿಂದ ಬಂದದ್ದು ನಿಮ್ಮ ಕುಂಡದಲ್ಲೇ, ನಿಮ್ಮ ಬಿಸಿಲಲ್ಲೇ ಹುಟ್ಟಿದ್ದು.

ಮಾಡುವುದು ಹೀಗೆ. ತಂದ ಹಾವಸೆಯನ್ನು ಪೇಪರ್ ಮೇಲೆ ಹರಡಿ ನೆರಳಿನಲ್ಲಿ ಒಂದು ವಾರ ಒಣಗಿಸಿ. ಅಡಿಯ ಮಣ್ಣು ಉದುರಿಸಿ. ಇದರಿಂದ ಇರುವೆ, ಗೊಣ್ಣೆಹುಳುಗಳ ಕಾಟವೂ ಬಹುಪಾಲು ಕಳೆಯುತ್ತದೆ. ಆಮೇಲೆ ಗೋಧಿಹಿಟ್ಟಿನ ಜರಡಿಗಿಂತ ಸ್ವಲ್ಪ ದೊಡ್ಡ ಕಣ್ಣಿನ ಜರಡಿಯ ಮೇಲಿಟ್ಟು ಅಂಗೈಯಿಂದ ಉಜ್ಜಿ. ಕೆಳಗೆ ಬೀಳುವುದು ಒಳ್ಳೆ ಚಹಾಪುಡಿಯ ಹಾಗೆ ಇರಬೇಕು. ಅದಕ್ಕೂ ನುಣ್ಣಗಾದರೆ ನೀರಿನಲ್ಲಿ ತೇಲಿಹೋಗುತ್ತದೆ. ಈ ಒಂದೊಂದು ಚೂರಿನಿಂದಲೂ ಹೊಸ ಗಿಡ ಬರಬಲ್ಲದು, ಅದೇ ಹಾವಸೆಯ ಹೆಚ್ಚುಗಾರಿಕೆ.

ಇದಕ್ಕೆ ಅಷ್ಟೇ ಅಳತೆಯ ಒಣ ಸ್ಫ್ಯಾಗ್ನಮ್ ಪುಡಿ ಸೇರಿಸಿ. ಆರ್ಕಿಡ್‌ಗೆ ಅಂತ ನರ್ಸರಿಯಲ್ಲಿ ಮಾರುವ ಬಿಳಿ ಹಾವಸೆ ಅದು, ತೇವ ಹಿಡಿದಿಡುತ್ತದೆ. ಕುಂಡದ ಮಣ್ಣನ್ನು ಚೆನ್ನಾಗಿ ನೆನೆಸಿ, ಮೇಲೆ ತೆಳ್ಳಗೆ ಉದುರಿಸಿ. ಮಣ್ಣು ಅಲ್ಲಲ್ಲಿ ಕಾಣುತ್ತಿರಬೇಕು, ದಪ್ಪ ಪದರ ಬೇಡ. ಬೆರಳಿನಿಂದ ಮೆಲ್ಲಗೆ ಒತ್ತಿ, ಸ್ಪ್ರೇ ಬಾಟಲಿಯಿಂದ ಮತ್ತೊಮ್ಮೆ ನೆನೆಸಿ. ಮೂರು ನಾಲ್ಕು ವಾರ ದಿನಕ್ಕೆರಡು ಸಲ ಸ್ಪ್ರೇ ಮಾಡಿ, ಜೋರಾಗಿ ನೀರು ಸುರಿಯಬೇಡಿ. ಸ್ಪ್ರೇ ನೀರು ಮೇಲ್ಮೈಗಷ್ಟೇ. ಮರಕ್ಕೆ ನೀರು ಬೇಕಾದಾಗ ಕುಂಡವನ್ನೇ ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ.

ಮೊದಲು ಕಾಣುವುದು ಹಾವಸೆಯಲ್ಲ, ಮಣ್ಣಿನ ಮೇಲೆ ತೆಳುವಾದ ಹಸಿರು ನೂಲು. ಬಹಳ ಜನ ಇದನ್ನು ಪಾಚಿ ಅಂತ ತಿಳಿದು ಕೆರೆದು ಹಾಕುತ್ತಾರೆ. ಬೇಡ! ಅದು ಹಾವಸೆಯ ಎಳೆ ರೂಪ. ಆ ನೂಲಿನ ಮೇಲೆ ಮೊಗ್ಗು ಮೂಡಿ, ಅಲ್ಲಿಂದ ಎಲೆ ಹೊತ್ತ ಕಾಂಡ ಏಳುತ್ತದೆ. ಲೋಳೆಯಂತೆ ಜಾರದಿದ್ದರೆ, ಒಣ ಬಟ್ಟೆಯಂತೆ ತೋರಿದರೆ, ಬಿಟ್ಟುಬಿಡಿ.

ಮಜ್ಜಿಗೆಯಲ್ಲಿ ರುಬ್ಬಿ ಬಳಿದರೆ ಬೇಗ ಬರುತ್ತಂತೆ?

ಎಲ್ಲ ಕಡೆ ಓದಿರುತ್ತೀರಿ, ವಿಡಿಯೋ ನೋಡಿರುತ್ತೀರಿ. ಬೇಕಾಗಿಲ್ಲ. ಮಜ್ಜಿಗೆಯಿಂದ ಹಾವಸೆಗೆ ಸಿಗುವುದು ಏನೂ ಇಲ್ಲ. ನಮ್ಮ ಸೆಕೆಗೆ ಅದು ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಇರುವೆ ಬರುತ್ತದೆ, ವಾಸನೆ ಬೇರೆ. ಅಕ್ಕಿ ತೊಳೆದ ನೀರು, ಬಿಯರ್, ಸಕ್ಕರೆ ನೀರು ಎಲ್ಲಕ್ಕೂ ಇದೇ ಉತ್ತರ. ಮಳೆ ನೀರಿಗಿಂತ ಒಳ್ಳೆಯದು ಇಲ್ಲ.

ನನ್ನ ಮಿಶ್ರಣ ತುಂಬಾ ದಪ್ಪ ಕಾಳಿನದು. ಪುಡಿ ಎಲ್ಲ ಸಂದಿಯೊಳಗೆ ಹೋಗುತ್ತೆ.

ಮೇಲೆ ಮಾತ್ರ ಅರ್ಧ ಸೆಂಟಿಮೀಟರ್ ಸಣ್ಣ ಕಾಳಿನ ಪದರ ಹಾಕಿ. ಇಟ್ಟಿಗೆ ಪುಡಿಯನ್ನು ಜರಡಿ ಹಿಡಿದು ಒಂದರಿಂದ ಎರಡು ಮಿಲಿಮೀಟರ್ ಕಾಳು ತೆಗೆದುಕೊಳ್ಳಿ, ಧೂಳು ತೊಳೆದು ಬಿಡಿ. ಅಕಾಡಾಮಾ (ಬೋನ್ಸಾಯ್‌ಗೆ ಬಳಸುವ ಜಪಾನಿನ ಜೇಡಿಮಣ್ಣಿನ ಕಾಳು) ತರಿಸುವವರು ಅದರ ಸಣ್ಣ ಕಾಳನ್ನೇ ಹಾಕಬಹುದು. ಬರೀ ಕೆಂಪು ಮಣ್ಣು ಹಾಸಬೇಡಿ. ಹಾವಸೆ ಅದರ ಮೇಲೆ ಬೇಗ ಬರುತ್ತದೆ ನಿಜ, ಆದರೆ ಆ ಜಿಗುಟು ಮಣ್ಣು ಕೆಳಗಿಳಿದು ಮಿಶ್ರಣದ ಸಂದಿಗಳನ್ನು ಮುಚ್ಚುತ್ತದೆ. ಹಾವಸೆಗೋಸ್ಕರ ಮರದ ಬೇರು ಕೊಳೆಸುವುದು ಯಾವ ನ್ಯಾಯ?

ಯಾವ ತಿಂಗಳಲ್ಲಿ ಹಾಕಬೇಕು?

ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ. ಮೋಡ, ತುಂತುರು, ತಂಪು ಗಾಳಿ, ಅರ್ಧ ಕೆಲಸ ಆಕಾಶವೇ ಮಾಡುತ್ತದೆ. ಫೆಬ್ರವರಿಯಿಂದ ಮೇ ತನಕ ಹೊಸದಾಗಿ ಶುರು ಮಾಡಬೇಡಿ. ಏಪ್ರಿಲ್‌ನಲ್ಲಿ ಗೋಡೆಯ ಮೇಲೆ ಒಣಗಿ ನಿಂತ ಹಾವಸೆಯನ್ನು ಸಂಗ್ರಹಿಸಿ, ಪೇಪರ್ ಕವರಿನಲ್ಲಿಟ್ಟು ಮಳೆಗೆ ಕಾಯಿರಿ.

ಬೋರ್‌ವೆಲ್ ನೀರು ಹಾಕಿದರೆ ಆಗುತ್ತಾ?

ಬೆಂಗಳೂರಿನಲ್ಲಿ ಹಾವಸೆ ಬಾರದಿರಲು ಮುಖ್ಯ ಕಾರಣ ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಬಕೆಟ್ಟಿನ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ ಅಲ್ವಾ? ಅದೇ ಲವಣ ಮಣ್ಣಿನ ಮೇಲೂ ಕೂರುತ್ತದೆ. ಹಾವಸೆ ನೀರನ್ನು ಎಲೆಯಿಂದಲೇ ಕುಡಿಯುವುದರಿಂದ ಲವಣವೂ ಎಲೆಯ ಮೇಲೇ ಉಳಿದು ತುದಿ ಸುಡುತ್ತದೆ. ಆರ್‌ಓ ಯಂತ್ರದ ವೇಸ್ಟ್ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಲವಣ ಇನ್ನಷ್ಟು ಗಟ್ಟಿಯಾಗಿರುತ್ತದೆ. ಉಳಿತಾಯದ ಆಸೆಗೆ ಅದನ್ನು ಬೋನ್ಸಾಯ್‌ಗೆ ಹಾಕುವವರು ಬಹಳ ಇದ್ದಾರೆ, ನೆಲ ಒರೆಸಲು ಬಳಸಿ.

ಕಾವೇರಿ ನೀರು ಪರವಾಗಿಲ್ಲ, ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು ಬೆಳಗ್ಗೆ ಹಾಕಿ. ಮಳೆ ನೀರು ಹಿಡಿದಿಡಲು ಜಾಗ ಇದ್ದರೆ ಒಂದು ಡ್ರಮ್ ಇಡಿ, ಸೊಳ್ಳೆ ಬಾರದಂತೆ ಮೇಲೆ ಬಟ್ಟೆ ಬಿಗಿಯಿರಿ. ಬೋರ್‌ವೆಲ್ ಬಿಟ್ಟು ಬೇರೆ ಗತಿಯೇ ಇಲ್ಲದಿದ್ದರೆ ಮರಕ್ಕೆ ಅದನ್ನೇ ಹಾಕಿ, ಹಾವಸೆಗೆ ಸ್ಪ್ರೇ ಮಾಡಲು ಮಾತ್ರ ಮಳೆ ನೀರು ಇಟ್ಟುಕೊಳ್ಳಿ.

ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತು. ಸತ್ತುಹೋಯಿತಾ?

ಬಹುಶಃ ಇಲ್ಲ. ಒಣಗಿ ಸುಮ್ಮನೆ ಕೂರುವುದು ಹಾವಸೆಗೆ ಗೊತ್ತು. ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಎಲೆ ಬಿಚ್ಚಿಕೊಂಡು ಹಸಿರು ಕಂಡರೆ ಜೀವ ಇದೆ. ಅಂಟಾರ್ಕ್ಟಿಕಾ ಬಳಿಯ ಸಿಗ್ನಿ ದ್ವೀಪದಲ್ಲಿ 1500 ವರ್ಷಕ್ಕೂ ಹೆಚ್ಚು ಕಾಲ ಹಿಮದಡಿ ಹೆಪ್ಪುಗಟ್ಟಿದ್ದ ಹಾವಸೆ ಪ್ರಯೋಗಾಲಯದಲ್ಲಿ ಮತ್ತೆ ಚಿಗುರಿದ್ದನ್ನು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಿಮ್ಮ ಮಾರ್ಚ್ ತಿಂಗಳ ಹಾವಸೆಗೆ ಒಂದು ಅವಕಾಶ ಕೊಡಿ.

ನೀರು ಹಾಕಿದ ಮೇಲೂ ಕಪ್ಪಗೆ, ಮೆತ್ತಗೆ ಇದ್ದರೆ ಅದು ಹೋಯಿತು. ತೆಗೆದುಬಿಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿದರೆ ಮರಕ್ಕೂ ಹಿತ, ಹಾವಸೆಗೂ ಹಿತ.

ಗೊಬ್ಬರ ಹಾಕಿದ ಜಾಗದಲ್ಲೆಲ್ಲ ಸುಡುತ್ತಿದೆ.

ಕಡಲೆಕಾಯಿ ಹಿಂಡಿ, ಬೇವಿನ ಹಿಂಡಿ ಪುಡಿಯನ್ನು ನೇರ ಉದುರಿಸಿದರೆ ಹೀಗಾಗುತ್ತದೆ. ರಾಸಾಯನಿಕ ಗೊಬ್ಬರದ ಕಾಳು ಇನ್ನೂ ಜಾಸ್ತಿ ಸುಡುತ್ತದೆ. ಹಿಂಡಿಯನ್ನು ಖಾಲಿ ಟೀ ಬ್ಯಾಗಿನಲ್ಲಿ ತುಂಬಿ ಕುಂಡದ ಮೂಲೆಯಲ್ಲಿಡಿ, ತಿಂಗಳಿಗೊಮ್ಮೆ ಜಾಗ ಬದಲಿಸಿ. ದ್ರವ ಗೊಬ್ಬರ ಹಾಕುವವರು ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಬಲಕ್ಕೆ ತೆಳು ಮಾಡಿ. ಹಾವಸೆ ಉಳಿಸಲು ಮರಕ್ಕೆ ಗೊಬ್ಬರವನ್ನೇ ನಿಲ್ಲಿಸಬೇಡಿ.

ಶಿಲೀಂಧ್ರನಾಶಕ ಹೊಡೆದ ಮೇಲೆ ಹಾವಸೆ ಪೂರ್ತಿ ಹೋಯಿತು. ಯಾಕೆ?

ತಾಮ್ರದಿಂದ. ಅಡಿಕೆ ತೋಟದವರಿಗೆ ಬೋರ್ಡೋ ಹೊಸದಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಹೊಡೆಯುವ ಮದ್ದು ಅದು. ತಾಮ್ರ ಶಿಲೀಂಧ್ರವನ್ನು ಕೊಲ್ಲುವಂತೆ ಹಾವಸೆಯನ್ನೂ ಕೊಲ್ಲುತ್ತದೆ. ಕಾಪರ್ ಆಕ್ಸಿಕ್ಲೋರೈಡ್ ಕೂಡ ಅಷ್ಟೇ. ಮರಕ್ಕೆ ಹೊಡೆಯಲೇಬೇಕಾದರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸಿ, ಎಲೆಯಿಂದ ತೊಟ್ಟಿಕ್ಕುವುದು ನಿಂತ ಮೇಲೆ ತೆಗೆಯಿರಿ.

ಹಕ್ಕಿಗಳು ಕಿತ್ತು ಎಸೆಯುತ್ತವೆ!

ಮೈನಾ, ಮಡಿವಾಳ ಹಕ್ಕಿಗಳು ಅಡಿಯ ಹುಳುವಿಗಾಗಿ ಮಗುಚುತ್ತವೆ, ಅಳಿಲು ಕಡಲೆ ಹೂಳಲು ಕೆದಕುತ್ತದೆ. ಹಾವಸೆ ಅಂಟುವ ತನಕ, ಅಂದರೆ ಸುಮಾರು ಎರಡು ತಿಂಗಳು, ಮೇಲೆ ಸೊಳ್ಳೆ ಪರದೆಯ ತುಂಡು ಹೊದಿಸಿ ಅಂಚನ್ನು ಕಲ್ಲಿನಿಂದ ಒತ್ತಿ. ಹಾಳೆಯಾಗಿ ಹಾಸಿದ್ದರೆ ಬೋನ್ಸಾಯ್ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಚುಚ್ಚಿ. ಅಲ್ಯೂಮಿನಿಯಂ ತಂತಿಯನ್ನೇ ಬಳಸಿ, ತಾಮ್ರದ್ದು ಬೇಡ.

ಹಾವಸೆ ಇದ್ದರೆ ಮಣ್ಣು ಒಣಗಿದ್ದು ಗೊತ್ತಾಗೋದಿಲ್ಲ. ಏನು ಮಾಡಲಿ?

ಇದು ನಿಜವಾದ ತೊಂದರೆ. ಮೇಲೆ ಹಸಿರಾಗಿದ್ದು ಕೆಳಗೆ ಒಣಗಿರಬಹುದು, ಮೇಲೆ ಒಣಗಿದ್ದು ಕೆಳಗೆ ಕೆಸರಾಗಿರಬಹುದು. ಅದಕ್ಕೇ ಇಡೀ ಕುಂಡ ಮುಚ್ಚಬಾರದು ಅಂತ ನಾನು ಹೇಳುವುದು. ಹಿಂಬದಿಯಲ್ಲಿ ಮೂರು ಬೆರಳಗಲ ಬೋಳಾಗಿ ಬಿಡಿ. ಅಲ್ಲಿ ಒಂದು ಊದುಬತ್ತಿ ಕಡ್ಡಿ ಚುಚ್ಚಿಡಿ, ತೆಗೆದು ನೋಡಿದರೆ ತೇವ ಗೊತ್ತಾಗುತ್ತದೆ. ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಇನ್ನೂ ಒಳ್ಳೆಯದು. ಪೂರ್ತಿ ಒಣಗಿದ ಹಾವಸೆಯ ಮೇಲೆ ನೀರು ಸುರಿದರೆ ಕೆಲವೊಮ್ಮೆ ಒಳಗಿಳಿಯದೆ ಜಾರಿಹೋಗುತ್ತದೆ. ಮೊದಲು ಸ್ಪ್ರೇ ಮಾಡಿ, ಐದು ನಿಮಿಷ ಬಿಟ್ಟು ನೀರು ಹಾಕಿ.

ಕಾಂಡದ ಮೇಲೆ ಹತ್ತುತ್ತಿದೆ. ಬಿಡಬಹುದಾ?

ಬಿಡಬೇಡಿ. ಬುಡದ ಬೇರುಗಳು ಹರಡಿರುವ ಚೆಂದವೇ ಬೋನ್ಸಾಯ್‌ನ ಅರ್ಧ ಚೆಂದ, ಅದು ಮುಚ್ಚಿಹೋಗುತ್ತದೆ. ಸದಾ ತೇವವಾಗಿದ್ದರೆ ತೊಗಟೆ ಮೆತ್ತಗಾಗಿ ಕೊಳೆಯುತ್ತದೆ, ಜುನಿಪರ್‌ನಲ್ಲಿ ಇದು ಬೇಗ. ಚಿಮುಟದಿಂದ ತೆಗೆದು, ಒದ್ದೆ ಬ್ರಷ್‌ನಿಂದ ಉಜ್ಜಿ. ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸ. ಹಾಗೇ ಹಾವಸೆಯ ನಡುವೆ ಬಂದ ಹುಳಿಸೊಪ್ಪಿನ ಮರಿಗಳನ್ನೂ ಕಿತ್ತುಬಿಡಿ. ಅದು ಬೀಜ ಸಿಡಿಸುವ ಮೊದಲು.

ಎಲ್ಲ ಬೋನ್ಸಾಯ್‌ಗೂ ಹಾವಸೆ ಹಾಕಬಹುದಾ?

ಆಲ, ಅತ್ತಿ, ಬಸರಿ, ಕಾಮಿನಿ, ಚೈನೀಸ್ ಎಲ್ಮ್ ಇವಕ್ಕೆ ಧಾರಾಳವಾಗಿ. ಜೇಡ್, ಅಡೇನಿಯಂಗೆ ಬೇಡವೇ ಬೇಡ. ಅವಕ್ಕೆ ಮಣ್ಣು ಒಣಗುವ ಹೊತ್ತು ಬೇಕು, ಹಾವಸೆಗೆ ತೇವ ಬೇಕು. ಬೋಗನ್‌ವಿಲ್ಲಾಗೂ ಹೂ ಬರಿಸುವ ಕಾಲದಲ್ಲಿ ನೀರು ಕಡಿಮೆ ಮಾಡುತ್ತೇವೆ, ಅಲ್ಲಿ ಹಾವಸೆ ಉಳಿಯುವುದು ಕಷ್ಟ. ಇಂಥ ಕುಂಡಗಳಿಗೆ ಸಣ್ಣ ಜಲ್ಲಿ ಹರಡಿದರೆ ಸಾಕು.

ಪ್ರದರ್ಶನಕ್ಕೆ ಇಡಬೇಕು. ಎಷ್ಟು ಮೊದಲು ಶುರು ಮಾಡಲಿ?

ಟೋಕಿಯೋದ ಉಯೆನೊದಲ್ಲಿ 1934ರಿಂದ ನಡೆಯುತ್ತಿರುವ ಕೊಕುಫು ಬೋನ್ಸಾಯ್ ಪ್ರದರ್ಶನದಲ್ಲಿ ಹಾವಸೆ ಹಾಸುವುದೇ ಒಂದು ಕಲೆ. ಬೇರೆ ಬೇರೆ ಹಸಿರಿನ ತುಣುಕುಗಳನ್ನು ಜೋಡಿಸಿ, ಸಂದಿ ಕಾಣದಂತೆ ಸಣ್ಣ ಕಾಳು ತುಂಬುತ್ತಾರೆ. ಪ್ರದರ್ಶನ ಮುಗಿದ ಮೇಲೆ ಎಷ್ಟೋ ಜನ ಅದನ್ನು ತೆಗೆದುಬಿಡುತ್ತಾರೆ. ಹಾಳೆಯ ದಾರಿ ಸರಿಯಾಗುವುದು ಇಲ್ಲಿ. ಮೂರು ನಾಲ್ಕು ವಾರ ಮೊದಲು ಹಾಸಿದರೆ ಅಂಚು ಕೂತಿರುತ್ತದೆ. ಆಗಸ್ಟ್‌ನ ಪ್ರದರ್ಶನವಾದರೆ ಗೋಡೆಯಿಂದಲೇ ತಾಜಾ ಸಿಗುತ್ತದೆ. ಜನವರಿಗೆ ಆದರೆ ಮಳೆಗಾಲದಲ್ಲೇ ಒಂದು ಅಗಲ ಟ್ರೇಯಲ್ಲಿ ಪುಡಿ ಉದುರಿಸಿ ಬೆಳೆಸಿಟ್ಟುಕೊಳ್ಳಿ, ಬೇಕಾದಾಗ ಎತ್ತಿ ಹಾಸಬಹುದು.

ಕುಂಡ ಬದಲಿಸುವಾಗ ಹಳೇ ಹಾವಸೆ ಏನು ಮಾಡಲಿ?

ಎಸೆಯಬೇಡಿ. ಪಟ್ಟಿಯಿಂದ ಎತ್ತಿ, ಅಡಿಗೆ ಅಂಟಿದ ಮರದ ಬೇರು ಕತ್ತರಿಸಿ, ಒಣಗಿಸಿ. ಹೊಸ ಮಣ್ಣಿನ ಮೇಲೆ ಹಾಳೆಯಾಗಿ ಕೂಡಲೇ ಹಾಸಬೇಡಿ, ಮರ ಬೇರು ಹಿಡಿಯುವ ಮೊದಲ ಎರಡು ತಿಂಗಳು ಮಣ್ಣಿನ ಮೇಲ್ಮೈ ಕಣ್ಣಿಗೆ ಕಾಣುತ್ತಿರಲಿ. ಆಮೇಲೆ ಅದೇ ಪುಡಿಯನ್ನು ಉದುರಿಸಿ. ನಿಮ್ಮ ಟೆರೇಸಿಗೆ ಹೊಂದಿಕೊಂಡ ಹಾವಸೆ ಅದು, ಮೊದಲ ಸಲಕ್ಕಿಂತ ಬೇಗ ಬರುತ್ತದೆ. ಮಿಕ್ಕಿದ್ದನ್ನು ಬೋನ್ಸಾಯ್ ಶುರು ಮಾಡಿರುವ ಗೆಳೆಯರಿಗೆ ಒಂದು ಪೇಪರ್ ಪೊಟ್ಟಣದಲ್ಲಿ ಕೊಡಿ.